ಅವರೆ ಹುಳ ಕಾಣುವಷ್ಟು ಬೆಳಕು

ಹೋದ ಸಂಕ್ರಾಂತಿ ಹೊತ್ತಿಗೆ ನಮ್ಮ ಬೀಗರ ತಟ್ಟೆಗೆ ಒಂದು ಅವರೆ ಹುಳ ಬಿತ್ತು. ಹಿತಕಿದ ಬೇಳೆ ಸಾರಿನ ಜೊತೆ ಅದೂ ಹದವಾಗಿ ಬೆಂದಿತ್ತು. ಬೀಗರು ದೊಡ್ಡ ಮನಸ್ಸಿನವರು. ಅದನ್ನು ಬೆರಳ ತುದಿಯಲ್ಲಿ ತಟ್ಟೆಯ ಅಂಚಿಗೆ ಸರಿಸಿದರು, ಮೇಲೊಂದು ಕರಿಬೇವಿನ ಎಲೆ ಮುಚ್ಚಿದರು, ಊಟ ಮುಂದುವರಿಸಿದರು. ಅದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಬೀಗಿತ್ತಿ ನೋಡಿದರು. ಅಡುಗೆ ಮನೆಗೆ ಹೊಸ ಲೈಟ್ ಹಾಕಿಸಲೇಬೇಕು ಅಂತ ನಾನು ತೀರ್ಮಾನ ಮಾಡಿದ್ದು ಆಗಲೇ.

ಅವರೆಕಾಯಿಯ ಹುಳ ಕಾಳಿನ ಬಣ್ಣದ್ದೇ ಇರುತ್ತದೆ, ಹಸಿರಿಗೆ ಹಸಿರು. ಕೈಗೆ ಸಿಗದಿದ್ದರೆ ಕಣ್ಣಿಗಾದರೂ ಸಿಗಬೇಕು. ನಾನು ಅವತ್ತು ಬೇಳೆ ಹಿತಕಿದ್ದು ಬೆಳಿಗ್ಗೆ ಐದೂವರೆಗೆ, ಅಡುಗೆ ಕಟ್ಟೆಯ ಮೇಲೆ, ಟ್ಯೂಬ್‌ಲೈಟ್ ಹಾಕಿಕೊಂಡು. ಟ್ಯೂಬ್‌ಲೈಟ್ ಚೆನ್ನಾಗಿಯೇ ಉರಿಯುತ್ತಿತ್ತು. ಆದರೆ ಅದು ಇರುವುದು ಬಾಗಿಲ ಮೇಲೆ, ನನ್ನ ಬೆನ್ನ ಹಿಂದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಬೆಳಕಿಗೆ ಅಡ್ಡ ನಿಂತ ವಸ್ತುವಿನ ನೆರಳು ಅದರ ಮುಂದೆ ಬೀಳುತ್ತದೆ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದವಳು. ನನ್ನ ಮನೆಯಲ್ಲಿ ಆ ವಸ್ತು ನಾನೇ ಆಗಿದ್ದೆ, ಅಷ್ಟೇ.

ಮೊದಲು ಹೀಗಿರಲಿಲ್ಲ. ನಮ್ಮದು ಮೈಸೂರಿನ ಹಳೇ ಮನೆ. ಕಟ್ಟೆಯ ಮೇಲಿನ ಗೋಡೆ ಖಾಲಿ ಇತ್ತು, ಕಡಪ ಕಲ್ಲಿನ ಒಂದು ಶೆಲ್ಫ್ ಬಿಟ್ಟರೆ. ಎರಡು ವರ್ಷದ ಹಿಂದೆ ಮಾಡ್ಯುಲರ್ ಕಿಚನ್ ಮಾಡಿಸಿದೆವು. ಒಂದಡಿ ಆಳದ ಕಬೋರ್ಡುಗಳು ಕಟ್ಟೆಯಿಂದ 22 ಇಂಚು ಮೇಲೆ ಬಂದು ಕೂತವು. ಎರಡಡಿ ಅಗಲದ ಕಟ್ಟೆಯಲ್ಲಿ ಅರ್ಧಕ್ಕೆ ಚಾವಣಿ ಹಾಕಿದ ಹಾಗಾಯಿತು. ಬಣ್ಣ, ಹ್ಯಾಂಡಲ್, ಸಾಫ್ಟ್ ಕ್ಲೋಸ್ ಹಿಂಜ್ ಎಲ್ಲದರ ಬಗ್ಗೆ ನಾಲ್ಕು ಸಲ ಮೀಟಿಂಗ್ ಮಾಡಿದ ಆ ಕಿಚನ್‌ನವರು ಲೈಟಿನ ವಿಷಯ ಒಂದು ಸಲವೂ ಎತ್ತಲಿಲ್ಲ. ನಾವೂ ಕೇಳಲಿಲ್ಲ ಬಿಡಿ. ಭಾನುವಾರ ಸಂಜೆಯಾದರೆ ಅರಮನೆಗೆ ಸುಮಾರು 1 ಲಕ್ಷ ಬಲ್ಬ್ ಹತ್ತುವ ಊರು ನಮ್ಮದು. ನನ್ನ ಈರುಳ್ಳಿ ಹೆಚ್ಚುವ ಮೂರಡಿ ಜಾಗಕ್ಕೆ ಒಂದು ಬಲ್ಬ್ ಗತಿಯಿಲ್ಲ.

ಕಬೋರ್ಡುಗಳ ಕೆಳಗೆ ವರ್ಷದಲ್ಲಿ ನಾಲ್ಕು ಥರದ ಲೈಟ್ ಹಾಕಿ ನೋಡಿದೆ. ಮೂರು ಸೋತವು, ಒಂದು ಉಳಿಯಿತು.

ಮೊದಲನೆಯದು ಮಗ ಬೆಂಗಳೂರಿನಿಂದ ಕಳಿಸಿದ್ದು, ಚಾರ್ಜ್ ಮಾಡಿ ಅಂಟಿಸುವ ಸೆನ್ಸರ್ ಲೈಟು. ಜೋಡಿಗೆ 900 ರೂಪಾಯಿ. ಒಂದಡಿ ಉದ್ದದ ತೆಳು ಪಟ್ಟಿ, ಹಿಂದೆ ಮ್ಯಾಗ್ನೆಟ್, ಮುಂದೆ ಗುಂಡಗೆ ಒಂದು ಬಿಳಿ ಕಣ್ಣು. ವೈರಿಂಗ್ ಬೇಡ, ಎಲೆಕ್ಟ್ರಿಷಿಯನ್ ಬೇಡ, ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಮೊದಲ ದಿನ ಖುಷಿಯೋ ಖುಷಿ. ಎರಡನೇ ದಿನ ಅಕ್ಕಿ ಆರಿಸಲು ನಿಂತೆ. ಇಪ್ಪತ್ತು ಸೆಕೆಂಡಿಗೆ ಲೈಟ್ ಆರಿತು. ಆ ಸೆನ್ಸರ್ ಗುರುತಿಸುವುದು ಮೈಶಾಖದ ಚಲನೆಯನ್ನು. ಚಪಾತಿ ಲಟ್ಟಿಸುವಾಗ ತೋಳು ಆಡುತ್ತದೆ, ಅದಕ್ಕೆ ಗೊತ್ತಾಗುತ್ತದೆ. ಅಕ್ಕಿ ಆರಿಸುವಾಗ ಆಡುವುದು ಎರಡು ಬೆರಳು ಮಾತ್ರ. ಹಾಗಾಗಿ ಪ್ರತಿ ಇಪ್ಪತ್ತು ಸೆಕೆಂಡಿಗೊಮ್ಮೆ ಕೈ ಮೇಲೆತ್ತಿ ಬೀಸಬೇಕು. ಡೈನಿಂಗ್ ಟೇಬಲ್ ಹತ್ತಿರ ಕೂತಿದ್ದ ಅತ್ತೆ ಎಷ್ಟೋ ಹೊತ್ತು ನೋಡಿದರು. "ಯಾರಿಗೇ ಅಷ್ಟು ಹೊತ್ತಿಂದ ಟಾಟಾ ಮಾಡ್ತಿದೀಯ?" ಅಂದರು.

ಸದಾ ಉರಿಯುವ ಮೋಡ್ ಕೂಡ ಅದರಲ್ಲಿದೆ. ಆದರೆ ಬೆಳಗಿನ ತಿಂಡಿ, ಅಡುಗೆ ಮುಗಿಯುವಷ್ಟರಲ್ಲಿ ಬ್ಯಾಟರಿ ಖಾಲಿ. ಮಿಕ್ಸಿ ಪಾಯಿಂಟಿನಲ್ಲಿ ಯಾವಾಗಲೂ ಒಂದು ಲೈಟ್ ಚಾರ್ಜಿಗೆ ನೇತಾಡುತ್ತಿತ್ತು. ಈಗ ಒಂದು ಬೀರುವಿನ ಒಳಗಿದೆ, ಇನ್ನೊಂದು ಮೆಟ್ಟಿಲ ಕೆಳಗಿನ ಸ್ಟೋರಿನಲ್ಲಿ. ಅಲ್ಲಿಗೆ ಅವು ಚಿನ್ನದಂಥವು. ಬಾಡಿಗೆ ಮನೆಯವರು, ಗೋಡೆಗೆ ಡ್ರಿಲ್ ಹಾಕಬೇಡಿ ಅನ್ನುವ ಓನರ್ ಇರುವವರು ಇದನ್ನು ಕೊಳ್ಳಬಹುದು. ಆದರೆ ಸೆನ್ಸರ್ ಆಫ್ ಮಾಡುವ ಬಟನ್ ಇರುವುದನ್ನೇ ನೋಡಿ ತೆಗೆದುಕೊಳ್ಳಿ.

ಎರಡನೆಯದು ಟಿ5 ಬ್ಯಾಟನ್. ಅಂಗಡಿಯವರು ಇದಕ್ಕೂ ಟ್ಯೂಬ್‌ಲೈಟ್ ಅಂತಲೇ ಅನ್ನುತ್ತಾರೆ, ಹೆಬ್ಬೆರಳಿನಷ್ಟು ದಪ್ಪದ ಎಲ್‌ಇಡಿ ಪಟ್ಟಿ. ಎರಡಡಿಯದು, 10 ವ್ಯಾಟ್, 300 ರೂಪಾಯಿ ಆಸುಪಾಸು. ನೇರ 230 ವೋಲ್ಟಿಗೆ ಹಾಕಬಹುದು, ಬೇರೆ ಡ್ರೈವರ್ (ವೋಲ್ಟೇಜ್ ಇಳಿಸುವ ಡಬ್ಬಿ) ಬೇಡ. ಎರಡು ಕ್ಲಿಪ್, ನಾಲ್ಕು ಸ್ಕ್ರೂ. ಹೆಸರಿರುವ ಕಂಪನಿಗಳೆಲ್ಲ ಇದನ್ನು ಮಾಡುತ್ತವೆ, ವಾರಂಟಿ ಇರುತ್ತದೆ, ಕೆಟ್ಟರೆ ಬೀದಿ ತುದಿಯ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಹೆಚ್ಚು ತಲೆ ಕೆಡಿಸಿಕೊಳ್ಳದೆ ಬೆಳಕು ಬೇಕು ಅನ್ನುವವರಿಗೆ ನಾನು ಈಗಲೂ ಇದನ್ನೇ ಹೇಳುತ್ತೇನೆ. ಹಾಸನದಲ್ಲಿರುವ ತಂಗಿಗೆ ಇದನ್ನೇ ಹಾಕಿಸಿಕೊಟ್ಟೆ.

ನಮ್ಮ ಮನೆಯಲ್ಲಿ ಇದು ಸೋತಿದ್ದು ಅತ್ತೆಯ ಕಣ್ಣಿನಿಂದ. ಅಡುಗೆ ಮನೆ ಮತ್ತು ಊಟದ ಜಾಗದ ನಡುವೆ ಗೋಡೆ ಇಲ್ಲ. ನಿಂತವರಿಗೆ ಬ್ಯಾಟನ್ ಕಾಣುವುದಿಲ್ಲ, ಕಬೋರ್ಡ್ ಅಡ್ಡ ಬರುತ್ತದೆ. ಕುರ್ಚಿಯಲ್ಲಿ ಕೂತವರಿಗೆ ಪಟ್ಟಿ ಪೂರ್ತಿ ಕಾಣುತ್ತದೆ, ನೇರ ಕಣ್ಣಿಗೇ ಹೊಡೆಯುತ್ತದೆ. ಅತ್ತೆಗೆ 82, ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಊಟ ಮಾಡುವಾಗ ಎಡಗೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದು, ಹೊಲದಲ್ಲಿ ದೂರದ ದನ ನೋಡುವವರ ಹಾಗೆ ಕೂರುತ್ತಿದ್ದರು. ಕಬೋರ್ಡಿನ ಕೆಳ ಅಂಚಿಗೆ ಒಂದೂವರೆ ಇಂಚಿನ ಮರದ ಪಟ್ಟಿ ಹೊಡೆಸಿದ ಮೇಲೆ ಸ್ವಲ್ಪ ಕಡಿಮೆಯಾಯಿತು. ಈ ಪಟ್ಟಿ ಹೊಡೆಸಿದ್ದು ಆಮೇಲೂ ಉಪಯೋಗಕ್ಕೆ ಬಂತು. ಕಿಚನ್ ಮಾಡಿಸುವಾಗಲೇ ಹೇಳಿದ್ದರೆ ಆ ಪಟ್ಟಿಗೂ ಕಬೋರ್ಡಿನದೇ ಬಣ್ಣದ ಲ್ಯಾಮಿನೇಟ್ ಬರುತ್ತಿತ್ತು. ಈಗ ಬೇರೆ ಬಣ್ಣ ಅಂತ ಹತ್ತಿರ ಹೋದರೆ ಗೊತ್ತಾಗುತ್ತದೆ.

ಬ್ಯಾಟನ್ನಿನ ಇನ್ನೊಂದು ತೊಂದರೆ ಬಣ್ಣ. ನಮ್ಮ ಸುತ್ತಲಿನ ಅಂಗಡಿಗಳಲ್ಲಿ ಕೈಗೆ ಸಿಗುವುದು 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಹಳದಿ), ಅಂದರೆ ನೀಲಿ ಮಿಶ್ರಿತ ಬಿಳಿ. ಅದರ ಕೆಳಗೆ ನಾನು ಬಿಸಿಬೇಳೆ ಬಾತ್ ಮಾಡಿದೆ. ರುಚಿ ಎಂದಿನದೇ. ನೋಡಲು ಸಿಮೆಂಟ್ ಕಲಸಿದ ಹಾಗಿತ್ತು.

ಮೂರನೆಯದರ ಕಥೆ ಹೇಳಲು ನಾಚಿಕೆ. ಆನ್‌ಲೈನಿನಲ್ಲಿ ಎಲ್‌ಇಡಿ ಸ್ಟ್ರಿಪ್ಪಿನ ಐದು ಮೀಟರ್ ಸುರುಳಿ, ಅಡಾಪ್ಟರ್ ಸೇರಿಸಿ 350 ರೂಪಾಯಿ. 12 ವೋಲ್ಟ್, ಮೀಟರಿಗೆ 60 ಎಲ್‌ಇಡಿ, ಮೇಲೆ ಸಿಲಿಕೋನ್ ಹೊದಿಕೆ. 'ವಾಟರ್‌ಪ್ರೂಫ್' ಅಂತ ಬೇರೆ ಬರೆದಿತ್ತು. ಹಿಂದಿನ ಕಾಗದ ಸುಲಿದು ನಾನೇ ಅಂಟಿಸಿದೆ. ದೀಪ ಹಚ್ಚಿದ ತಕ್ಷಣ ಕಂಡ ಮೊದಲ ತಪ್ಪು: ನಮ್ಮ ಕಟ್ಟೆ ಕಪ್ಪು ಗ್ರಾನೈಟ್, ಪಾಲಿಶ್ ಆದದ್ದು. ಒಂದೊಂದು ಎಲ್‌ಇಡಿಯೂ ಅದರಲ್ಲಿ ಒಂದೊಂದು ಚುಕ್ಕಿಯಾಗಿ ಕಾಣುತ್ತದೆ. ಕಟ್ಟೆಯ ಉದ್ದಕ್ಕೂ ಮುತ್ತಿನ ಸರ ಹಾಸಿದ ಹಾಗೆ. ಕೇಳಲು ಚೆನ್ನಾಗಿದೆ, ಅಲ್ವಾ? ಆ ಸರದ ಮೇಲೆ ಕೊತ್ತಂಬರಿ ಹೆಚ್ಚಿ ನೋಡಿ. ಐದು ನಿಮಿಷಕ್ಕೆ ತಲೆ ತಿರುಗುತ್ತದೆ.

ಎರಡನೇ ತಪ್ಪು ಎರಡು ತಿಂಗಳಿಗೆ ಗೊತ್ತಾಯಿತು. ಒಗ್ಗರಣೆಯ ಜಿಡ್ಡು, ಕುಕ್ಕರಿನ ಹಬೆ ಎರಡೂ ಸೇರಿದರೆ ಯಾವ ಅಂಟೂ ನಿಲ್ಲುವುದಿಲ್ಲ. ಒಲೆಯ ಪಕ್ಕದ ತುದಿ ಮೊದಲು ಅರ್ಧ ಇಂಚು ಜೋತು ಬಿತ್ತು. ನಾನು ಒತ್ತಿದೆ. ಮತ್ತೆ ಜೋತಿತು. ಮತ್ತೆ ಒತ್ತಿದೆ. ಒಂದು ಶುಕ್ರವಾರ ಹುಳಿ ಕುದಿಯುತ್ತಿದ್ದಾಗ ಪೂರ್ತಿ ಮೂರಡಿ ಕಿತ್ತು ಬಂದು ಪಾತ್ರೆಯೊಳಗೆ ಇಳಿಯಿತು. ಉರಿಯುತ್ತಲೇ ಇತ್ತು! ನುಗ್ಗೆಕಾಯಿ ಹುಳಿಯ ಒಳಗಿನಿಂದ ಬೆಳಕು. 12 ವೋಲ್ಟ್ ಆದ್ದರಿಂದ ಶಾಕ್ ಏನೂ ಹೊಡೆಯಲಿಲ್ಲ. ಹುಳಿ ಮಾತ್ರ ಚರಂಡಿಗೆ ಹೋಯಿತು. ನಮ್ಮನೆಯವರು ಅವತ್ತು ಮೊಸರನ್ನ ತಿಂದು ಒಂದು ಮಾತೂ ಆಡದೆ ಎದ್ದು ಹೋದರು. ಬೈದಿದ್ದರೇ ವಾಸಿಯಿತ್ತು.

ಆಮೇಲೆ ನಾನು ಆತುರ ಬಿಟ್ಟೆ. ಮೊದಲು ಲೈಟ್ ಎಲ್ಲಿ ಕೂರಬೇಕು ಅಂತ ನೋಡಿದೆ. ನಮ್ಮ ಕಾರ್ಪೆಂಟರ್ ಗೋಡೆಯ ಮೂಲೆಗೆ ಹಾಕಿ ಅಂದಿದ್ದ. ವೈರ್ ಮುಚ್ಚುವುದು ಸುಲಭ, ಅದಕ್ಕೆ. ಹಳೇ ಸುರುಳಿಯ ಒಂದು ತುಂಡನ್ನು ಪೇಪರ್ ಟೇಪಿನಲ್ಲಿ ಗೋಡೆಯ ಹತ್ತಿರ ಅಂಟಿಸಿದೆ. ಟೈಲ್ಸ್ ಫಳಫಳ ಹೊಳೆಯಿತು. ಹೆಚ್ಚುವ ಮಣೆಯ ಮೇಲೆ ಏನೂ ಇಲ್ಲ. ಮುಂದೆ ಇಟ್ಟ ಡಬ್ಬಿಗಳ ನೆರಳು ನನ್ನ ಕಡೆಗೇ ಚಾಚಿತು. ನಡುವೆ ಅಂಟಿಸಿದೆ, ಪರವಾಗಿಲ್ಲ. ಮುಂದಿನ ಅಂಚಿಗೆ, ಆ ಮರದ ಪಟ್ಟಿಯ ಹಿಂದೆ ಎರಡು ಇಂಚು ಬಿಟ್ಟು ಅಂಟಿಸಿದೆ. ಬೆಳಕು ಸೀದಾ ಮಣೆಯ ಮೇಲೆ ಬಿತ್ತು. ಕೈಯ ನೆರಳು ಗೋಡೆ ಕಡೆಗೆ ಸರಿಯಿತು. ಫೋನಿನಲ್ಲಿ ಬೆಳಕು ಅಳೆಯುವ ಲಕ್ಸ್ ಮೀಟರ್ ಆ್ಯಪ್ ಹಾಕಿ ಮಣೆಯ ಮೇಲಿಟ್ಟು ನೋಡಿದೆ. ಅದರ ಅಂಕಿ ಕರಾರುವಾಕ್ಕಾಗಿರುವುದಿಲ್ಲ, ಒಂದಕ್ಕೊಂದು ಹೋಲಿಸಲು ಸಾಕು. ಬರೀ ಟ್ಯೂಬ್‌ಲೈಟಿಗೆ ನಾನು ನಿಂತಾಗ 40. ಅದೇ ತುಂಡು ಗೋಡೆಯ ಹತ್ತಿರ ಇದ್ದಾಗ 110, ಮುಂದೆ ತಂದಾಗ 190. ಒಂದು ಪೈಸೆ ಖರ್ಚಿಲ್ಲದೆ, ಬರೀ ಜಾಗ ಬದಲಿಸಿದ್ದಕ್ಕೆ.

ಇನ್ನು ಬಣ್ಣದ ವಿಷಯ. ಇಲ್ಲಿ ಸ್ವಲ್ಪ ಪಾಠ ಮಾಡುತ್ತೇನೆ, ಹಳೇ ಚಾಳಿ. ಬಿಳಿ ಎಲ್‌ಇಡಿಯ ಒಳಗೆ ಇರುವುದು ನೀಲಿ ಎಲ್‌ಇಡಿ. ಮೇಲೆ ಹಳದಿ ಫಾಸ್ಫರಿನ ಲೇಪ. ನೀಲಿ ಬೆಳಕಿನ ಒಂದಷ್ಟು ಭಾಗ ಆ ಲೇಪದಲ್ಲಿ ಹಳದಿಯಾಗುತ್ತದೆ, ಉಳಿದ ನೀಲಿಯ ಜೊತೆ ಸೇರಿ ಕಣ್ಣಿಗೆ ಬಿಳಿ ಕಾಣುತ್ತದೆ. ಬೆಳಗುವಂಥ ನೀಲಿ ಎಲ್‌ಇಡಿ ಮಾಡಿದ್ದಕ್ಕೇ 2014ರಲ್ಲಿ ಅಕಸಾಕಿ, ಅಮಾನೊ, ನಕಮುರಾ ಮೂವರಿಗೆ ಭೌತಶಾಸ್ತ್ರದ ನೊಬೆಲ್ ಬಂದದ್ದು. ಆ ವರ್ಷ ಹತ್ತನೇ ಕ್ಲಾಸಿಗೆ ಅದನ್ನು ದೊಡ್ಡದಾಗಿ ಹೇಳಿದ್ದೆ. ನಾನು ಹೇಳದೆ ಬಿಟ್ಟದ್ದು, ಈ ಬೆಳಕಿನಲ್ಲಿ ಕೆಂಪು ಕಡಿಮೆ ಅನ್ನುವುದನ್ನು. ಅಗ್ಗದ ಎಲ್‌ಇಡಿಯಲ್ಲಂತೂ ತೀರಾ ಕಡಿಮೆ.

ಒಂದು ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಅಳತೆಗೆ ಸಿಆರ್‌ಐ ಅನ್ನುತ್ತಾರೆ. ಹಳೇ ಫಿಲಮೆಂಟ್ ಬಲ್ಬಿಗೆ 100. ಸಾಮಾನ್ಯ ಎಲ್‌ಇಡಿಗೆ 80 ಆಸುಪಾಸು. 90 ದಾಟಿದರೆ ಒಳ್ಳೆಯದು. ಇದರಲ್ಲೂ ಒಂದು ಕಳ್ಳಗಿಂಡಿ ಇದೆ. ಸಿಆರ್‌ಐ ಲೆಕ್ಕ ಹಾಕುವುದು ಎಂಟು ಮೆಲುಬಣ್ಣಗಳ ಸರಾಸರಿಯಿಂದ. ಗಾಢ ಕೆಂಪು ಒಂಬತ್ತನೆಯದು, ಆರ್9 ಅಂತ ಅದರ ಹೆಸರು, ಅದು ಸರಾಸರಿಗೆ ಸೇರುವುದೇ ಇಲ್ಲ. ಎಂಟು ಸಬ್ಜೆಕ್ಟಿನಲ್ಲಿ ಪಾಸಾಗಿ ಗಣಿತದಲ್ಲಿ ಫೇಲಾದ ಹುಡುಗನಿಗೆ ಫಸ್ಟ್ ಕ್ಲಾಸ್ ಕೊಟ್ಟ ಹಾಗೆ. ನಮ್ಮ ಅಡುಗೆಯಲ್ಲಿ ಕೆಂಪೇ ಮುಖ್ಯ. ಒಗ್ಗರಣೆಯಲ್ಲಿ ಮೆಣಸಿನಕಾಯಿ ಹೊರಳಿ ಕಪ್ಪಾಗುವ ಆ ಒಂದು ಗಳಿಗೆ, ಈರುಳ್ಳಿ ಗುಲಾಬಿಯಿಂದ ಹೊಂಬಣ್ಣಕ್ಕೆ ತಿರುಗುವುದು, ಇದೆಲ್ಲ ಕಾಣದಿದ್ದರೆ ಎಷ್ಟು ಲಕ್ಸ್ ಇದ್ದು ಏನು?

ಹಾಗಾಗಿ ಮಗನ ಮನೆಗೆ ಹೋದಾಗ ಒಂದು ದಿನ ಎಸ್.ಪಿ. ರೋಡಿಗೆ ಹೋದೆ. ಹೋಗುವಾಗ ಬ್ಯಾಗಿನಲ್ಲಿ ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ಹಾಕಿಕೊಂಡೆ. ಖಾರ ಕಡಿಮೆ, ಬಣ್ಣ ಜಾಸ್ತಿ ಇರುವ ಕಾಯಿ ಅದು. ಅದರ ಬಣ್ಣ ತೆಗೆದು ಲಿಪ್‌ಸ್ಟಿಕ್‌ಗೂ ಹಾಕುತ್ತಾರೆ. ಕೆಂಪಿಗೆ ಅದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಹೊಳೆಯಲಿಲ್ಲ.

ಎಸ್.ಪಿ. ರೋಡ್ ನೋಡದವರಿಗೆ ಹೇಳುತ್ತೇನೆ. ಕೆ.ಆರ್. ಮಾರ್ಕೆಟ್ ಹತ್ತಿರದ ಇಕ್ಕಟ್ಟಿನ ಬೀದಿ. ಎಲೆಕ್ಟ್ರಾನಿಕ್ಸ್ ಸಾಮಾನು ಅಂದರೆ ಅದೇ. ರೆಸಿಸ್ಟರಿನಿಂದ ಹಿಡಿದು ಕ್ಯಾಮೆರಾದವರೆಗೆ ಎಲ್ಲ ಸಿಗುತ್ತದೆ, ಕಾಲಿಡಲು ಜಾಗ ಸಿಗುವುದಿಲ್ಲ. ಮೊದಲ ಅಂಗಡಿಯ ಹುಡುಗ ಸಿಆರ್‌ಐ ಅಂದ ಕೂಡಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮೇಡಮ್, ಅದೆಲ್ಲಾ ಯಾರೂ ಕೇಳಲ್ಲ. ಬ್ರೈಟ್ ಬೇಕಾ, ಡಿಮ್ ಬೇಕಾ ಅಷ್ಟೇ." ಎರಡನೇ ಅಂಗಡಿಯಲ್ಲಿ ವಯಸ್ಸಾದವರೊಬ್ಬರು ಇದ್ದರು. ನಾಲ್ಕು ಥರದ ಸ್ಟ್ರಿಪ್ ತುಂಡುಗಳನ್ನು ಟೇಬಲಿನ ಮೇಲೆ ಸಾಲಾಗಿ ಹಚ್ಚಿ ತೋರಿಸಿದರು. ನಾನು ಬ್ಯಾಗಿನಿಂದ ಮೆಣಸಿನಕಾಯಿ ತೆಗೆದೆ. ಅವರ ಹುಡುಗ ಬೆಚ್ಚಿಬಿದ್ದ. "ಏನ್ ಮೇಡಮ್, ಅಂಗಡಿಗೆ ದೃಷ್ಟಿ ತೆಗೀತೀರಾ?"

ನಾಲ್ಕು ಸ್ಟ್ರಿಪ್ಪಿನ ಕೆಳಗೆ ನಾಲ್ಕು ಕಾಯಿ ಇಟ್ಟೆವು. 6500 ಕೆಲ್ವಿನ್ನಿನ ಸಾಮಾನ್ಯ ಸ್ಟ್ರಿಪ್ ಕೆಳಗೆ ಕಾಯಿ ಹೋದ ವರ್ಷದ ಹಳೇ ದಾಸ್ತಾನಿನ ಹಾಗೆ ಕಂದು. 3000 ಕೆಲ್ವಿನ್ ಕೆಳಗೆ ಎಲ್ಲವೂ ಬೆಚ್ಚಗೆ, ಚೆಂದ. ಆದರೆ ಬಿಳಿ ಕಾಗದ ಇಟ್ಟರೆ ಅರಿಶಿನ ಸವರಿದ ಹಾಗಿತ್ತು. ಅನ್ನ, ಇಡ್ಲಿ ಮಾಡುವ ಜಾಗಕ್ಕೆ ನನಗೆ ಒಗ್ಗಲಿಲ್ಲ. ಮೂರನೆಯದು 4000 ಕೆಲ್ವಿನ್, ಸಿಆರ್‌ಐ 80. ಪರವಾಗಿಲ್ಲ ಅನ್ನಿಸಿತು, ನಾಲ್ಕನೆಯದು ನೋಡುವವರೆಗೆ. ನಾಲ್ಕನೆಯದೂ 4000, ಆದರೆ ಸಿಆರ್‌ಐ 90ರ ಮೇಲೆ ಅಂತ ಬರೆದಿತ್ತು. ಅದರ ಕೆಳಗೆ ಕಾಯಿಯ ಸುಕ್ಕಿನ ಏಣು ಒಂದು ಕೆಂಪು, ಸುಕ್ಕಿನ ಒಳಗೆ ಇನ್ನೊಂದು ಗಾಢ ಕೆಂಪು, ಎರಡೂ ಬೇರೆಬೇರೆ ಕಂಡವು. ತೊಟ್ಟಿನ ಹತ್ತಿರ ಬೂದು ಬಣ್ಣದ ಒಂದು ಬೂಸಿನ ಚುಕ್ಕೆ ಇತ್ತು. ಮನೆಯಲ್ಲಿ ಆರಿಸಿ ತಂದಿದ್ದ ಕಾಯಿ! ಅದು ಉಳಿದ ಮೂರರ ಕೆಳಗೆ ಇಟ್ಟಾಗ ಕಂಡೇ ಇರಲಿಲ್ಲ. ಯಜಮಾನರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಆಮೇಲೆ ಹುಡುಗನ ಕಡೆ ತಿರುಗಿ, "ಇನ್ಮೇಲೆ ಅಂಗಡೀಲಿ ನಾಲ್ಕು ಮೆಣಸಿನಕಾಯಿ ಇಟ್ಕೊಳ್ಳೋ" ಅಂದರು.

ನಾನು ಕೊಂಡದ್ದು ಆ ನಾಲ್ಕನೆಯದನ್ನೇ. ಸಿಒಬಿ ಸ್ಟ್ರಿಪ್ ಅನ್ನುತ್ತಾರೆ, 24 ವೋಲ್ಟ್, ಮೀಟರಿಗೆ 10 ವ್ಯಾಟ್. ಇದರಲ್ಲಿ ಎಲ್‌ಇಡಿಗಳು ಎಷ್ಟು ಒತ್ತೊತ್ತಾಗಿವೆ ಅಂದರೆ ಚುಕ್ಕಿ ಕಾಣುವುದೇ ಇಲ್ಲ, ಹಳದಿ ಲೇಪದ ಒಂದೇ ಗೆರೆ. ಗ್ರಾನೈಟಿನಲ್ಲಿ ಕಾಣುವುದೂ ಒಂದು ಗೆರೆಯೇ. ಐದು ಮೀಟರಿಗೆ 1400 ರೂಪಾಯಿ. 24 ವೋಲ್ಟ್ ಯಾಕೆ ಅಂದರೆ, ಅಷ್ಟೇ ವ್ಯಾಟಿಗೆ 12ರಲ್ಲಿ ಎರಡು ಪಟ್ಟು ಕರೆಂಟ್ ಹರಿಯಬೇಕು. ಉದ್ದ ಜಾಸ್ತಿಯಾದರೆ ದಾರಿಯಲ್ಲೇ ವೋಲ್ಟೇಜ್ ಸೋರಿ ತುದಿ ಮಂಕಾಗುತ್ತದೆ.

ಜೊತೆಗೆ ಅಲ್ಯೂಮಿನಿಯಂ ಪ್ರೊಫೈಲ್, ಅಂದರೆ ಸ್ಟ್ರಿಪ್ ಒಳಗೆ ಕೂರಿಸುವ ತೋಡಿನ ಪಟ್ಟಿ. ಎರಡು ಮೀಟರಿನ ಕೋಲು 450 ರೂಪಾಯಿ, ಎರಡು ಕೊಂಡೆ. ಇದನ್ನು ಮಾತ್ರ ಯಾರೂ ಉಳಿತಾಯ ಅಂತ ಬಿಡಬೇಡಿ. ಸ್ಟ್ರಿಪ್ಪಿನ ಬಿಸಿ ಅದರೊಳಗೆ ಹರಿದು ಹೋಗುತ್ತದೆ, ಬಿಸಿ ಕಡಿಮೆಯಾದಷ್ಟೂ ಎಲ್‌ಇಡಿಗೆ ಆಯಸ್ಸು. ಸ್ಕ್ರೂ ಹಾಕಿ ಕೂರಿಸಿದ ಪ್ರೊಫೈಲ್ ಹುಳಿಗೆ ಬೀಳುವುದಿಲ್ಲ. ಮೇಲಿನ ಹಾಲುಬಣ್ಣದ ಮುಚ್ಚಳವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ನಾನು ತಂದದ್ದು 45 ಡಿಗ್ರಿ ವಾಲಿದ ಮೂಲೆ ಪ್ರೊಫೈಲ್. ಮುಂದಿನ ಅಂಚಿನಲ್ಲಿ ಕೂತು ಗೋಡೆ ಕಡೆಗೆ ಮುಖ ಮಾಡುತ್ತದೆ. ಅತ್ತೆಯ ಕಣ್ಣಿಗೆ ಹೊಡೆಯುವುದು ಪೂರ್ತಿ ನಿಂತಿತು.

ಡ್ರೈವರ್ ಆರಿಸುವಾಗ ಲೆಕ್ಕ ಹಾಕಿ. ನಮ್ಮದು ಒಟ್ಟು ಒಂಬತ್ತೂವರೆ ಅಡಿ, 2.9 ಮೀಟರ್, ಅಂದರೆ 29 ವ್ಯಾಟ್. ಅಂಗಡಿಯವರು 1.5 ಆಂಪಿಯರಿನದು ಸಾಕು ಅಂದರು. 24ನ್ನು 1.5ರಿಂದ ಗುಣಿಸಿದರೆ 36 ವ್ಯಾಟ್. ಡ್ರೈವರ್ ಮೇಲೆ ಶೇ 80ಕ್ಕಿಂತ ಜಾಸ್ತಿ ಹೊರೆ ಹಾಕಬಾರದು ಅನ್ನುವುದು ಈ ಕೆಲಸ ಮಾಡುವವರ ರೂಢಿ. 36ರ ಶೇ 80 ಅಂದರೆ 28.8. ಅಂಚಿನಲ್ಲೇ ನಿಂತಿತು. ಮುಂದೆ ಸಿಂಕ್ ಮೇಲೂ ಹಾಕಿಸಬೇಕಲ್ಲ ಅಂತ 2 ಆಂಪಿಯರಿನದೇ ತೆಗೆದುಕೊಂಡೆ, 700 ರೂಪಾಯಿ. ಅದರ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಆರ್ ಅಕ್ಷರದ ಮುಂದೆ ಎಂಟಂಕಿಯ ನಂಬರ್ ಇದೆಯಾ ನೋಡಿಕೊಳ್ಳಿ. ಇಡೀ ಸೆಟ್ಟಿನಲ್ಲಿ 230 ವೋಲ್ಟ್ ಬರುವುದು ಆ ಡಬ್ಬಿಗೆ ಮಾತ್ರ. ನೀರು, ಹಬೆ, ಜಿಡ್ಡು ಇರುವ ಮನೆಯಲ್ಲಿ ಅದು ಸರಿಯಿರಬೇಕು. ಇನ್ನೊಂದು ಪರೀಕ್ಷೆ ಅಂಗಡಿಯಲ್ಲೇ ಮಾಡಬಹುದು. ಲೈಟ್ ಹಚ್ಚಿಸಿ ಫೋನಿನ ಕ್ಯಾಮೆರಾ ಹಿಡಿಯಿರಿ. ಪರದೆಯ ಮೇಲೆ ಕಪ್ಪು ಪಟ್ಟಿಗಳು ಓಡಿದರೆ ಆ ಡ್ರೈವರ್ ಬೇಡ. ಕಣ್ಣಿಗೆ ಗೊತ್ತಾಗದ ಮಿಣುಕು ಅದು, ಸಂಜೆಗೆ ತಲೆನೋವು ತರುತ್ತದೆ.

ಹಾಕುವ ಕೆಲಸದಲ್ಲಿ ಎರಡು ತೊಡಕಾದವು. ಚಿಮಣಿಯ ಎಡಕ್ಕೆ ಮೂರಡಿ, ಬಲಕ್ಕೆ ಎರಡೂವರೆ, ಕಿಟಕಿ ಪಕ್ಕ ನಾಲ್ಕಡಿ, ಹೀಗೆ ಮೂರು ತುಂಡು. ಸ್ಟ್ರಿಪ್ಪಿನ ಮೇಲೆ ಕತ್ತರಿ ಗುರುತು ಇರುವಲ್ಲೇ ಕತ್ತರಿಸಬೇಕು, ಇಲ್ಲದಿದ್ದರೆ ಆ ತುದಿ ಹತ್ತುವುದಿಲ್ಲ. ತುಂಡು ಜೋಡಿಸಲು ಪ್ಲಾಸ್ಟಿಕ್ ಕ್ಲಿಪ್ ಸಿಗುತ್ತದೆ. ನಮ್ಮ ಎಲೆಕ್ಟ್ರಿಷಿಯನ್ ಅದನ್ನೇ ಹಾಕಿದ, ವಾರದೊಳಗೆ ಒಂದು ಸಡಿಲವಾಗಿ ಬಲಗಡೆ ಮಿಣಮಿಣ ಶುರುವಾಯಿತು. ಬೆಸುಗೆ ಹಾಕೋ ಅಂದರೆ, "ಅದು ನಮ್ ಕೆಲ್ಸ ಅಲ್ಲ ಅಮ್ಮಾ" ಅಂದ. ಕೊನೆಗೆ ಮೊಬೈಲ್ ರಿಪೇರಿ ಅಂಗಡಿಯ ಹುಡುಗ 100 ರೂಪಾಯಿಗೆ ಎಲ್ಲಾ ಕಡೆ ಬೆಸುಗೆ ಹಾಕಿಕೊಟ್ಟ. ಆಮೇಲೆ ಅಲುಗಿಲ್ಲ. ಎಲೆಕ್ಟ್ರಿಷಿಯನ್ನಿಗೆ 600 ಕೊಟ್ಟೆ. ಎಲ್ಲ ಸೇರಿ 3700 ರೂಪಾಯಿ, ಸ್ವಿಚ್ ಬಿಟ್ಟು.

ಸ್ವಿಚ್ ಅಂದರೆ ಕೈ ಬೀಸುವ ಸೆನ್ಸರ್, ಇನ್ನೊಂದು 250. ಗುಂಡಿಯ ಕೆಳಗೆ ಎರಡು ಮೂರು ಇಂಚು ದೂರದಲ್ಲಿ ಕೈ ಆಡಿಸಿದರೆ ಹತ್ತುತ್ತದೆ, ಇನ್ನೊಮ್ಮೆ ಆಡಿಸಿದರೆ ಆರುತ್ತದೆ. ಕೈಯೆಲ್ಲ ರಾಗಿ ಹಿಟ್ಟು ಮೆತ್ತಿಕೊಂಡಾಗ ಇದರ ಬೆಲೆ ಗೊತ್ತಾಗುತ್ತದೆ. ಅತ್ತೆಗೆ ಮಾತ್ರ ಇದು ದೇವರ ವಿಷಯ. ಕೈ ಮುಗಿದೇ ಹಚ್ಚುತ್ತಾರೆ. ತೊಂದರೆಯೂ ಇದೆ. ದೋಸೆ ಹಿಟ್ಟಿನ ಎತ್ತರದ ಪಾತ್ರೆ ಅದರ ಕೆಳಗೆ ಹಾದುಹೋದರೆ ತಟ್ಟನೆ ಕತ್ತಲು. ಸೆನ್ಸರನ್ನು ಹೆಚ್ಚುವ ಜಾಗದಿಂದ ದೂರ, ಒಂದು ತುದಿಗೆ ಇಡಿಸಬೇಕಿತ್ತು.

ಹಾಕಿದ ಮೇಲೆ ಮಣೆಯ ಮೇಲಿನ ಲಕ್ಸ್ ಅಂಕಿ 420. ಕರೆಂಟಿನ ಲೆಕ್ಕ ಕೇಳುವವರಿಗೆ: ದಿನಕ್ಕೆ ನಾಲ್ಕು ಗಂಟೆ ಉರಿಸಿದರೆ ತಿಂಗಳಿಗೆ ಮೂರೂವರೆ ಯೂನಿಟ್, ಸ್ವಲ್ಪ ಜಾಸ್ತಿ ಆಗಬಹುದು. ಎಂಟು ತಿಂಗಳಾಯಿತು. ಬೆಳಕು ಕುಂದಿಲ್ಲ, ಮುಚ್ಚಳ ಹಳದಿಯಾಗಿಲ್ಲ. ಒಲೆಯ ಹತ್ತಿರದ ತುಂಡನ್ನು ಹದಿನೈದು ದಿನಕ್ಕೊಮ್ಮೆ ಸೋಪಿನ ನೀರಿನಲ್ಲಿ ಒರೆಸುತ್ತೇನೆ. ಮೂರು ವಾರ ಬಿಟ್ಟರೆ ಬಟ್ಟೆಗೆ ಕಂದು ಜಿಡ್ಡು ಬರುತ್ತದೆ.

ದೂರುಗಳೂ ಇವೆ. ಮೇಲಿನ ಟ್ಯೂಬ್‌ಲೈಟ್ 6500, ಇದು 4000. ಎರಡೂ ಒಟ್ಟಿಗೆ ಹಚ್ಚಿದರೆ ಕಟ್ಟೆ ಒಂದು ಊರು, ಉಳಿದ ಅಡುಗೆ ಮನೆ ಇನ್ನೊಂದು ಊರು. ನಮ್ಮನೆಯವರಿಗೆ ಬೆಳ್ಳಗಿನ ಟ್ಯೂಬ್ ಬೇಕು, ಬದಲಿಸಲು ಬಿಡುತ್ತಿಲ್ಲ. ಮಾತುಕತೆ ನಡೆಯುತ್ತಿದೆ. ಪ್ರೊಫೈಲಿನ ಒಂದು ತುದಿಗೆ ಮುಚ್ಚಳ ಹಾಕುವುದನ್ನು ಎಲೆಕ್ಟ್ರಿಷಿಯನ್ ಮರೆತಿದ್ದ. ಬೆಚ್ಚಗಿದೆ ಅಂತ ಒಂದು ಜಿರಳೆ ಮರಿ ಒಳಗೆ ಹೋಗಿ ಅಲ್ಲೇ ಸತ್ತಿದೆ. ದೀಪ ಹಚ್ಚಿದರೆ ಹಾಲುಬಣ್ಣದ ಮುಚ್ಚಳದಲ್ಲಿ ಅದರ ಆರೂ ಕಾಲು ಸ್ಪಷ್ಟ. ಮುಚ್ಚಳ ಎಳೆದು ತೆಗೆಯಬೇಕು ಅಂದುಕೊಂಡೇ ಎರಡು ತಿಂಗಳಾಯಿತು. ಇನ್ನು, ಬೆಳಕು ಬಂದ ಮೇಲೆ ಕಟ್ಟೆಗೂ ಟೈಲ್ಸಿಗೂ ನಡುವಿನ ಸಂದಿ ಕಾಣತೊಡಗಿತು. ಎರಡು ವರ್ಷದ ಅರಿಶಿನ, ಎಣ್ಣೆ ಎಲ್ಲಾ ಅಲ್ಲೇ ಕೂತಿತ್ತು. ಹಳೇ ಟೂತ್‌ಬ್ರಷ್ ಹಿಡಿದು ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು.

ಈಗ ಮತ್ತೆ ಅವರೆಕಾಯಿ ಕಾಲ. ಹೋದ ವಾರ ಎರಡು ಕೆಜಿ ಬಿಡಿಸಿ ಹಿತಕಿದೆ. ಒಂಬತ್ತು ಹುಳ ಸಿಕ್ಕವು, ಒಂಬತ್ತನ್ನೂ ಲೋಟದಲ್ಲಿ ಹಾಕಿ ನಮ್ಮನೆಯವರಿಗೆ ತೋರಿಸಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ಬೀಗರು ಸಂಕ್ರಾಂತಿಗೆ ಬರುತ್ತೇವೆ ಅಂತ ಫೋನ್ ಮಾಡಿದ್ದಾರೆ. ಸಿಂಕಿನ ಮೇಲೆ ಇನ್ನೂ ಕತ್ತಲೆಯೇ. ಅದಕ್ಕೆ ಅಂತ ಉಳಿಸಿದ ಒಂದು ಮೀಟರ್ ಪ್ರೊಫೈಲ್ ಬಾಗಿಲ ಹಿಂದೆ ಪೊರಕೆಯ ಪಕ್ಕ ನಿಂತಿದೆ. ಎಲೆಕ್ಟ್ರಿಷಿಯನ್ ನಾಳೆ ಬರುತ್ತೇನೆ ಅಂದಿದ್ದಾನೆ. ದೀಪಾವಳಿಯಿಂದಲೂ ಅದನ್ನೇ ಅನ್ನುತ್ತಿದ್ದಾನೆ.